ಫೋಟೋದಲ್ಲಿರುವ ಅಮ್ಮನ ಹೆಸರೇನು?

(ಹಳ್ಳಿಯ ದಿನನಿತ್ಯದ ಬದುಕನ್ನು ಫೋಟೋದಲ್ಲಿ ದಾಖಲಿಸುವ ಬಗ್ಗೆ, ಫೋಟೋ ತೆಗೆಯುವ ಹುಮ್ಮಸ್ಸಿರುವ ಕಾಲೇಜು ಹುಡುಗ ಹುಡುಗಿಯರ ಮುಂದೆ ಆಡಿದ ಮಾತಿನ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಪರದೆ ಮೇಲಿರುವ ಈ ಫೋಟೋವನ್ನು ನಿಮ್ಮಲ್ಲಿ ತುಂಬಾ ಜನ ನೋಡಿರುತ್ತೀರಿ. ಒಬ್ಬ ತಾಯಿ. ಕೈ ಗಲ್ಲದ ಹತ್ತಿರ ಇದೆ. ಎರಡೂ ಹೆಗಲಿಗೆ ಒರಗಿ, ಮುಖ ಆ ಕಡೆ ತಿರುಗಿಸಿಕೊಂಡ ಇಬ್ಬರು ಮಕ್ಕಳು. ಮಡಿಲಲ್ಲಿ ಒಂದು ಕೂಸು. 1936ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ನಿಪೋಮೊ ಎಂಬಲ್ಲಿ, ಬಟಾಣಿ ಬಿಡಿಸುವ ಕೂಲಿಗಳ ಬಿಡಾರದಲ್ಲಿ ಡೊರೋಥಿಯಾ ಲ್ಯಾಂಗ್ ಎಂಬ ಛಾಯಾಗ್ರಾಹಕಿ ತೆಗೆದದ್ದು. ಚಳಿ ಬಿದ್ದು ಬೆಳೆ ಹಾಳಾಗಿತ್ತು, ಕೂಲಿ ಇರಲಿಲ್ಲ. ಲ್ಯಾಂಗ್ ತೆಗೆದ ಫೋಟೋಗಳು ಪತ್ರಿಕೆಯಲ್ಲಿ ಬಂದವು, ಸರ್ಕಾರ ಆ ಬಿಡಾರಕ್ಕೆ ಆಹಾರ ಕಳಿಸಿತು. ಅಷ್ಟು ಹೊತ್ತಿಗೆ ಈ ತಾಯಿ ಮಕ್ಕಳನ್ನು ಕರೆದುಕೊಂಡು ಮುಂದಿನ ಊರಿಗೆ ಹೋಗಿಯಾಗಿತ್ತು.

ಲ್ಯಾಂಗ್ ಆಕೆಯ ಹೆಸರು ಕೇಳಲಿಲ್ಲ. 1960ರಲ್ಲಿ ಅವರೇ ಹಾಗಂತ ಬರೆದರು. ಹೆಸರು ಹೊರಗೆ ಬಂದದ್ದು 1978ರಲ್ಲಿ, ಪತ್ರಕರ್ತರೊಬ್ಬರು ಹುಡುಕಿಕೊಂಡು ಹೋಗಿ ಮಾತಾಡಿಸಿದಾಗ: ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್. ಚೆರೋಕಿ ಎಂಬ ಮೂಲನಿವಾಸಿ ಜನಕ್ಕೆ ಸೇರಿದವರು. ಊಟಕ್ಕಾಗಿ ಕಾರಿನ ಟೈರು ಮಾರಿಕೊಂಡರು ಅಂತ ಫೋಟೋ ಜೊತೆಗಿದ್ದ ಟಿಪ್ಪಣಿ ಹೇಳುತ್ತಿತ್ತು. ಹಾಗೇನೂ ಆಗಿರಲಿಲ್ಲ, ನಮ್ಮ ಕಾರು ಕೆಟ್ಟು ದಾರಿಯಲ್ಲಿ ನಿಂತಿದ್ದೆವು ಅಷ್ಟೇ ಅಂತ ಮನೆಯವರು ಹೇಳಿದರು. ಜಗತ್ತಿನ ಯಾವ ಮೂಲೆಯಲ್ಲಿ ಬಡತನ ಅಂದರೂ ಜನ ಈ ಮುಖ ತೋರಿಸುತ್ತಿದ್ದರು. ಆ ಮುಖ ಯಾರದು ಅಂತ ಮಾತ್ರ ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಯಾರಿಗೂ ಗೊತ್ತಿರಲಿಲ್ಲ.

ಲ್ಯಾಂಗ್ ಬಗ್ಗೆ ನನಗೆ ಬಹಳ ಗೌರವ ಇದೆ. ಜನ ಆಡಿದ ಮಾತನ್ನು ಅಷ್ಟು ಶ್ರದ್ಧೆಯಿಂದ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ ಛಾಯಾಗ್ರಾಹಕರು ಆ ಕಾಲಕ್ಕೆ ಕಡಿಮೆ. ಅಂಥವರಿಗೇ ಒಂದು ದಿನ ಹೆಸರು ಕೇಳುವುದು ಬಿಟ್ಟುಹೋಗಿ, ಅದು ಇಷ್ಟು ದೂರ ಬಂತು. ಹಳ್ಳಿಯ ಬದುಕನ್ನು ದಾಖಲಿಸುತ್ತೇನೆ ಅಂತ ಹೊರಟವರು ತರುವ ಫೋಟೋ ಅರ್ಧ ಕೆಲಸ. ಯಾರು, ಯಾವ ಊರು, ಏನು ಮಾಡುತ್ತಿದ್ದರು, ಯಾರಿಗಾಗಿ ಮಾಡುತ್ತಿದ್ದರು ಅನ್ನುವ ಬರಹ ಉಳಿದರ್ಧ. ಇವತ್ತು ನನಗೆ ಹೇಳಬೇಕಾಗಿರುವುದು ಇದೊಂದೇ.

ಲ್ಯಾಂಗ್ ಕೆಲಸ ಮಾಡುತ್ತಿದ್ದದ್ದು ಅಮೆರಿಕ ಸರ್ಕಾರದ ಒಂದು ಇಲಾಖೆಗೆ. ಮುಂದೆ ಅದಕ್ಕೆ ಫಾರ್ಮ್ ಸೆಕ್ಯುರಿಟಿ ಅಡ್ಮಿನಿಸ್ಟ್ರೇಶನ್ ಅಂತ ಹೆಸರಾಯಿತು. 1935ರಿಂದ ಸುಮಾರು ಎಂಟು ವರ್ಷ ಅದರ ಫೋಟೋ ವಿಭಾಗ ನಡೆಸಿದವರು ರಾಯ್ ಸ್ಟ್ರೈಕರ್. ಅವರು ಛಾಯಾಗ್ರಾಹಕರಲ್ಲ, ಅರ್ಥಶಾಸ್ತ್ರದ ಮೇಷ್ಟ್ರು. ಅಲ್ಲಿ ಫೋಟೋ ತೆಗೆಯುತ್ತಿದ್ದ ಕಾರ್ಲ್ ಮೈಡನ್ಸ್ ಎಂಬ ಹುಡುಗ ಹತ್ತಿ ಬೆಳೆಯುವ ದಕ್ಷಿಣ ಅಮೆರಿಕ ಸೀಮೆಯಲ್ಲ, ಅಮೆರಿಕ ದೇಶದ್ದೇ ದಕ್ಷಿಣದ ರಾಜ್ಯಗಳ ಕಡೆ ಹೊರಟು ನಿಂತಿದ್ದಾಗ ಸ್ಟ್ರೈಕರ್ ಕೇಳಿದರಂತೆ, ಹತ್ತಿ ಬಗ್ಗೆ ನಿನಗೇನು ಗೊತ್ತು ಅಂತ. ಜಾಸ್ತಿ ಏನೂ ಗೊತ್ತಿಲ್ಲ ಅಂದಾಗ ಪ್ರಯಾಣ ನಿಲ್ಲಿಸಿ, ಕೂರಿಸಿಕೊಂಡು, ರಾತ್ರಿ ಬಹಳ ಹೊತ್ತಿನವರೆಗೆ ಹತ್ತಿ ಬಗ್ಗೆ ಪಾಠ ಹೇಳಿದರು. ಹತ್ತಿ ಯಾರು ಬೆಳೆಯುತ್ತಾರೆ, ಯಾರು ಬಿಡಿಸುತ್ತಾರೆ, ಲಾಭ ಯಾರಿಗೆ, ಮಣ್ಣು ಏನಾಗುತ್ತದೆ. ಹೊರಡುವ ಮುಂಚೆ ಪ್ರಶ್ನೆಗಳ ಪಟ್ಟಿಯನ್ನೂ ಕೊಡುತ್ತಿದ್ದರು. ಸಂಜೆ ಜನ ಎಲ್ಲಿ ಸೇರುತ್ತಾರೆ? ಹೆಂಗಸರು ಎಲ್ಲಿ ಸೇರುತ್ತಾರೆ? ದುಡ್ಡಿದ್ದವರು ಸೇರುವ ಜಾಗ ಬೇರೆ, ಇಲ್ಲದವರದ್ದು ಬೇರೆಯಾ? ಹೀಗೆ.

ಅದರಲ್ಲಿ ತಪ್ಪುಗಳೂ ಇದ್ದವು. ತಮಗೆ ಬೇಡ ಅನಿಸಿದ ನೆಗೆಟಿವ್‌ಗಳಿಗೆ ಸ್ಟ್ರೈಕರ್ ತೂತು ಹೊಡೆಸುತ್ತಿದ್ದರು. ಅದೇ ವಿಭಾಗದ ಛಾಯಾಗ್ರಾಹಕ ಆರ್ಥರ್ ರಾಥ್‌ಸ್ಟೀನ್ ಬರಗಾಲದ ನೆಲದಲ್ಲಿ ಎತ್ತಿನ ತಲೆಬುರುಡೆಯೊಂದನ್ನು ಸ್ವಲ್ಪ ಆಚೆ ಎತ್ತಿಟ್ಟು ಫೋಟೋ ತೆಗೆದದ್ದು ಗೊತ್ತಾಗಿ, ಬರಗಾಲವೇ ಸುಳ್ಳು ಅಂತ ಪತ್ರಿಕೆಗಳು ಗಲಾಟೆ ಎಬ್ಬಿಸಿದವು. ಬರಗಾಲ ನಿಜವೇ ಆಗಿತ್ತು. ಆದರೆ ಒಂದು ಬುರುಡೆ ಜಾಗ ಬದಲಿಸಿದ್ದಕ್ಕೆ ನಿಜವನ್ನೇ ಅಲ್ಲಗಳೆಯಲು ಒಂದು ನೆಪ ಸಿಕ್ಕಿತು. ಇಷ್ಟಾದರೂ ಸುಮಾರು 1,70,000 ನೆಗೆಟಿವ್‌ಗಳು ಇವತ್ತು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ. ಊರು, ಕೌಂಟಿ (ನಮ್ಮ ಜಿಲ್ಲೆ ಇದ್ದ ಹಾಗೆ), ತಿಂಗಳು, ಬೆಳೆ ಎಲ್ಲಾ ಹಿಡಿದು ಹುಡುಕಬಹುದು. ಯಾರು ಬೇಕಾದರೂ ಮೊಬೈಲ್‌ನಲ್ಲೇ ನೋಡಬಹುದು. ಹಾಗೆ ಹುಡುಕಲು ಆಗುವುದು ಫೋಟೋ ಚೆನ್ನಾಗಿದೆ ಅಂತಲ್ಲ, ಅದರ ಜೊತೆ ಬರಹ ಇದೆ ಅಂತ.

ಈಗ ನಮ್ಮ ಕಡೆಗೆ ಬರೋಣ. ನಮ್ಮ ಹಳ್ಳಿಯ ಜನರ ಮೇಲೆ ಕ್ಯಾಮೆರಾ ಬಿದ್ದದ್ದು ತೀರಾ ಹೊಸತಲ್ಲ. 1868ರಿಂದ 1875ರವರೆಗೆ ಬ್ರಿಟಿಷರು ಎಂಟು ಸಂಪುಟಗಳಲ್ಲಿ ಭಾರತದ ಜನರ ಫೋಟೋ ಪುಸ್ತಕ ತಂದರು. ನಾನೂರಕ್ಕೂ ಹೆಚ್ಚು ಫೋಟೋಗಳು. ಹೆಚ್ಚಿನವುಗಳ ಕೆಳಗೆ ಇರುವುದು ವ್ಯಕ್ತಿಯ ಹೆಸರಲ್ಲ. ಜಾತಿ ಅಥವಾ ಬುಡಕಟ್ಟಿನ ಹೆಸರು, ಊರಿನ ಹೆಸರು, ಅವರು ನಂಬಿಕೆಗೆ ಅರ್ಹರಾ ಅಲ್ಲವಾ ಅನ್ನುವ ಒಂದು ಷರಾ. 1857 ಆಗಿಹೋದ ಮೇಲೆ ಯಾರನ್ನು ಹೇಗೆ ಆಳಬೇಕು ಅಂತ ತಿಳಿಯುವುದು ಅವರಿಗೆ ಮುಖ್ಯವಾಗಿತ್ತು. ಎದುರಿಗೆ ನಿಂತ ಮನುಷ್ಯ ಯಾರು ಅನ್ನುವುದು ಬೇಕಾಗಿರಲಿಲ್ಲ.

ಅದು ಆಳುವವರ ಕ್ಯಾಮೆರಾ ಅಂತ ಬಿಟ್ಟುಬಿಡಬಹುದು. ಆದರೆ ಇವತ್ತಿನ ಫೋಟೋ ಸ್ಪರ್ಧೆಗಳಲ್ಲಿ ಬಹುಮಾನ ಬರುವ ಹಳ್ಳಿ ಫೋಟೋಗಳನ್ನು ನೋಡಿ. ಸಂಜೆ ಬಿಸಿಲು, ಮೇಲೇಳುವ ದೂಳು, ಕುರಿ ಹಿಂಡು, ಮರಗಳ ಮಧ್ಯೆ ಇಳಿಯುವ ಬಿಸಿಲುಕೋಲು, ತಲೆಗೆ ಕೆಂಪು ರುಮಾಲು ಸುತ್ತಿದ ಕುರಿಗಾಹಿ. ನೋಡಲು ತುಂಬಾ ಚಂದ. ಅದಕ್ಕಾಗಿಯೇ ಕುರಿಗಾಹಿಗಳಿಗೆ ದುಡ್ಡು ಕೊಟ್ಟು, ಹಿಂಡನ್ನು ಆ ಕಡೆಯಿಂದ ಈ ಕಡೆಗೆ ಓಡಾಡಿಸುವ ಫೋಟೋ ಪ್ರವಾಸಗಳೂ ನಡೆಯುತ್ತವೆ. ಆ ಮನುಷ್ಯ ಎಲ್ಲಿಂದ ಬಂದವನು, ಕುರಿ ಸ್ವಂತದ್ದಾ ಅಥವಾ ಪಾಲಿಗೆ ಸಾಕಿದ್ದಾ, ಬೇಸಿಗೆಯಲ್ಲಿ ಹಿಂಡು ಎಲ್ಲಿಗೆ ಹೋಗುತ್ತದೆ, ರಾತ್ರಿ ಯಾರ ಹೊಲದಲ್ಲಿ ಮಂದೆ ಹಾಕುತ್ತಾರೆ, ಅದಕ್ಕೆ ಹೊಲದವರು ಏನು ಕೊಡುತ್ತಾರೆ? ಒಂದೂ ತಿಳಿಯುವುದಿಲ್ಲ. ಹೀಗೆ ತೆಗೆದ ಫೋಟೋದಲ್ಲಿ ಕುರಿಗಾಹಿ ಒಂದು ಅಲಂಕಾರ. ನನಗೆ ಇದು ಬೇಸರ ತರಿಸುತ್ತದೆ. ಚಂದ ಕಾಣಬಾರದು ಅಂತ ನಾನು ಹೇಳುತ್ತಿಲ್ಲ, ಚಂದದಲ್ಲೇ ನಿಂತುಬಿಡಬಾರದು.

ಬರಹ ಇಲ್ಲದಿದ್ದರೆ ಏನು ಕಳೆದುಹೋಗುತ್ತದೆ ಅಂತ ಒಂದು ಫೋಟೋ ಹಿಡಿದೇ ಹೇಳುತ್ತೇನೆ. ಮಂಡ್ಯ ಕಡೆಯ ನಾಲೆ ಬಯಲಿನ ಗದ್ದೆ. ನಾಲ್ಕು ಜನ ಹೆಂಗಸರು ಸಾಲಾಗಿ ಬಗ್ಗಿ ನಾಟಿ ಹಾಕುತ್ತಿದ್ದಾರೆ. ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿದ್ದಾರೆ. ಸೀರೆ ಮೇಲೆ ಗಂಡಸರ ಹಳೇ ಶರ್ಟು. ಎಡಗೈಯಲ್ಲಿ ಪೈರಿನ ಹಿಡಿ, ಬಲಗೈ ಕೆಸರಲ್ಲಿ. ಹಿಂದೆ ಒಟ್ಲು, ಅಂದರೆ ಸಸಿಮಡಿಯ ಪೈರು, ಕಿತ್ತು ಕಟ್ಟಿದ ಕಟ್ಟುಗಳು ನೀರಲ್ಲಿ ಅಲ್ಲಲ್ಲಿ ಬಿದ್ದಿವೆ. ‘ಭತ್ತದ ನಾಟಿಯಲ್ಲಿ ನಿರತ ಮಹಿಳೆಯರು’ ಅಂತ ಬರೆದರೆ ಪತ್ರಿಕೆಯಲ್ಲಿ ಅಚ್ಚಾಗುತ್ತದೆ. ಸುಳ್ಳೇನೂ ಅಲ್ಲ.

ಆದರೆ ಹತ್ತಿರ ಹೋಗಿ ಕೇಳಿ ನೋಡಿ. ಮೊದಲನೆಯವರು ಗದ್ದೆಯ ಮನೆಯವರೇ. ಕೂಲಿಯವರ ಜೊತೆ ತಾವೂ ಬಗ್ಗಿದ್ದಾರೆ. ಎರಡನೆಯವರು ಪಕ್ಕದ ಗದ್ದೆಯವರು, ಮುಯ್ಯಾಳಾಗಿ ಬಂದಿದ್ದಾರೆ. ಇವತ್ತು ಇವರ ಗದ್ದೆಗೆ ಅವರು ಬಂದರೆ, ಅವರ ನಾಟಿಯ ದಿನ ಇವರು ಹೋಗಬೇಕು. ದುಡ್ಡಿನ ಮಾತೇ ಇಲ್ಲ. ಮೂರನೆಯವರು ದಿನಗೂಲಿ. ನಾಲ್ಕನೆಯವರು ಬೇರೆ ಊರಿಂದ ಗುಂಪು ಕಟ್ಟಿಕೊಂಡು ಬಂದು, ಎಕರೆಗೆ ಇಷ್ಟು ಅಂತ ಗುತ್ತಿಗೆ ಹಿಡಿದವರ ಪೈಕಿ. ಅದಕ್ಕೇ ಅವರ ಕೈ ಉಳಿದವರಿಗಿಂತ ಬೇಗ ಓಡುತ್ತಿದೆ. ಬೇಗ ಮುಗಿಸಿದರೆ ಮಧ್ಯಾಹ್ನದ ಮೇಲೆ ಇನ್ನೊಂದು ಗದ್ದೆ ಸಿಗುತ್ತದೆ. ಸಾಲು ಒಂದೇ, ಭಂಗಿ ಒಂದೇ, ಕೆಸರು ಒಂದೇ. ನಾಲ್ಕು ಜನರ ಲೆಕ್ಕ ನಾಲ್ಕು ಥರ. ಎಂಥಾ ಒಳ್ಳೇ ಲೆನ್ಸ್ ತಂದರೂ ಈ ವ್ಯತ್ಯಾಸ ಫೋಟೋದಲ್ಲಿ ಬೀಳುವುದಿಲ್ಲ. ಕೇಳಿ ಬರೆದುಕೊಂಡರಷ್ಟೇ ಉಂಟು.

ಕೇಳುವುದಕ್ಕೂ ಒಂದು ಹೊತ್ತು ಅಂತ ಇದೆ. ಗದ್ದೆಯ ಯಜಮಾನ ಬದುವಿನ ಮೇಲೆ ನಿಂತಿರುವಾಗ ಕೂಲಿ ಎಷ್ಟು ಅಂತ ಕೇಳಿದರೆ ಬರುವ ಉತ್ತರ ಬೇರೆ. ಊಟಕ್ಕೆ ಕೂತಾಗ ಕೇಳಿದರೆ ಬರುವ ಉತ್ತರವೇ ಬೇರೆ. ಗಂಡಾಳಿಗೆ ಎಷ್ಟು, ಹೆಣ್ಣಾಳಿಗೆ ಎಷ್ಟು ಅಂತ ಎರಡನ್ನೂ ಕೇಳಿ. ಆ ವ್ಯತ್ಯಾಸವೇ ಎಷ್ಟೋ ಹೇಳುತ್ತದೆ.

ಹೆಸರು ಕೇಳುವಾಗ ಇನ್ನೊಂದು ಗಮನಿಸಿ. ಗಂಡಸರನ್ನು ಕೇಳಿದರೆ ಹೆಸರು, ಅಪ್ಪನ ಹೆಸರು ಎಲ್ಲಾ ಹೇಳುತ್ತಾರೆ. ಹೆಂಗಸರನ್ನು ಕೇಳಿದರೆ ಪಕ್ಕದಲ್ಲಿರುವವರು ಉತ್ತರ ಕೊಡುತ್ತಾರೆ: ‘ಇವರು ಮೇಲಿನ ಮನೆ ಸೊಸೆ’, ‘ಇವರು ಅಂಗಡಿಯವರ ತಾಯಿ.’ ಅಲ್ಲಿಗೇ ಬಿಡಬೇಡಿ. ‘ಅಮ್ಮಾ, ನಿಮ್ಮ ಹೆಸರು ಹೇಳಿ’ ಅಂತ ಅವರನ್ನೇ ಕೇಳಿ. ‘ನನ್ನ ಹೆಸರು ಯಾಕಪ್ಪಾ’ ಅಂತಾರೆ. ನಕ್ಕು ಸುಮ್ಮನಾಗುತ್ತಾರೆ. ಇನ್ನೊಂದು ಸಲ ಕೇಳಿ. ಪತ್ರಕರ್ತ ಪಿ. ಸಾಯಿನಾಥ್ 1993ರಿಂದ 2002ರ ನಡುವೆ ಹತ್ತು ರಾಜ್ಯಗಳಲ್ಲಿ ದುಡಿಯುವ ಹೆಂಗಸರ ಫೋಟೋ ತೆಗೆದು ಒಂದು ಪ್ರದರ್ಶನ ಮಾಡಿದರು. ಕಣ್ಣೆದುರೇ ನಡೆಯುವ ಈ ದುಡಿಮೆ, ಅದನ್ನು ಮಾಡುವವರು ಲೆಕ್ಕಕ್ಕೇ ಇಲ್ಲ ಅನ್ನುವುದು ಅದರ ಮಾತು. ಅವರೇ 2014ರಲ್ಲಿ ಶುರುಮಾಡಿದ ಪರಿ, ಅಂದರೆ ಪೀಪಲ್ಸ್ ಆರ್ಕೈವ್ ಆಫ್ ರೂರಲ್ ಇಂಡಿಯಾ, ಕನ್ನಡದಲ್ಲೂ ಬರುತ್ತದೆ. ಅಲ್ಲಿ ಫೋಟೋದ ಕೆಳಗಿನ ಸಾಲುಗಳನ್ನು ಹೇಗೆ ಬರೆಯುತ್ತಾರೆ ಅಂತ ಪುರುಸೊತ್ತಿನಲ್ಲಿ ನೋಡಿ.

ನನಗೆ ಎಲ್ಲರಿಗಿಂತ ಇಷ್ಟವಾದವರೊಬ್ಬರ ಬಗ್ಗೆ ಈಗ ಸ್ವಲ್ಪ ಜಾಸ್ತಿ ಹೇಳಬೇಕು. ಜೇಮ್ಸ್ ರಾವಿಲಿಯಸ್. ಇಂಗ್ಲೆಂಡಿನವರು, 1939ರಲ್ಲಿ ಹುಟ್ಟಿ 1999ರಲ್ಲಿ ತೀರಿಕೊಂಡರು. ಅಪ್ಪ ಎರಿಕ್ ರಾವಿಲಿಯಸ್ ಹೆಸರಾಂತ ಚಿತ್ರಕಲಾವಿದ. ಮಗನೂ ಚಿತ್ರಕಲೆ ಕಲಿತು, ಮೇಷ್ಟ್ರಾಗಿದ್ದು, 1972ರಲ್ಲಿ ಹೆಂಡತಿ ರಾಬಿನ್ ಜೊತೆ ಉತ್ತರ ಡೆವನ್ ಎಂಬ ಹಳ್ಳಿಗಾಡಿಗೆ ಬಂದು ನೆಲೆಸಿದರು. ಅಲ್ಲಿ ಬೀಫರ್ಡ್ ಅನ್ನುವ ಹಳ್ಳಿಯಲ್ಲಿ ಒಂದು ಕಲಾಕೇಂದ್ರ ಇತ್ತು. ಅದನ್ನು ನಡೆಸುತ್ತಿದ್ದ ಜಾನ್ ಲೇನ್ ಇವರಿಗೊಂದು ಕೆಲಸ ಒಪ್ಪಿಸಿದರು: ಈ ಸೀಮೆಯ ಜನರ ಬದುಕನ್ನು ಫೋಟೋದಲ್ಲಿ ಹಿಡಿದು ಅವರಿಗೇ ತೋರಿಸಬೇಕು. ಪಟ್ಟಣದವರಿಗೆ ತೋರಿಸುವುದಕ್ಕಲ್ಲ, ಅವರಿಗೇ. ಆಗ ಅಲ್ಲಿಯ ಸಣ್ಣ ರೈತರ ಪದ್ಧತಿಗಳು ಕಣ್ಣೆದುರೇ ಮುಗಿಯುತ್ತಿದ್ದವು.

ಸ್ವಲ್ಪ ಕಾಲದ ಕೆಲಸ ಅಂತ ಹಿಡಿದದ್ದು 17 ವರ್ಷ ನಡೆಯಿತು. ಒಂದು ಸಣ್ಣ ಸೀಮೆ ಬಿಟ್ಟು ಅವರು ಆಚೆ ಹೋಗಲಿಲ್ಲ. ಎಪ್ಪತ್ತು ಸಾವಿರಕ್ಕೂ ಹೆಚ್ಚು ಫೋಟೋಗಳು. ಕುರಿ ಮರಿ ಹಾಕಿಸುವುದು, ಬೇಲಿ ಕಟ್ಟುವುದು, ಹಿಮ ಬಿದ್ದ ದಿನ ದನಗಳಿಗೆ ಹುಲ್ಲು ಒಯ್ಯುವುದು, ಡಾಕ್ಟರು ಹಳ್ಳಿ ಮನೆಗೆ ಬಂದದ್ದು, ಶಾಲೆ, ಚರ್ಚು, ಸಂತೆ. ಪಕ್ಕದಲ್ಲೇ ಇದ್ದ ಆರ್ಚಿ ಪಾರ್ಕ್‌ಹೌಸ್ ಎಂಬ ಮುದುಕ ರೈತನನ್ನಂತೂ ವರ್ಷಗಟ್ಟಲೆ ತೆಗೆದರು. ನಾಯಿ ಜೊತೆ, ಕುರಿ ಜೊತೆ, ಮಳೆಯಲ್ಲಿ, ಮಂಜಿನಲ್ಲಿ. ಆ ಸರಣಿ ನೋಡುತ್ತಾ ಹೋದರೆ ‘ಒಬ್ಬ ರೈತ’ ಅಂತ ಅನಿಸುವುದೇ ಇಲ್ಲ. ಆರ್ಚಿ ಅನಿಸುತ್ತದೆ. ಲೈಕಾ ಕ್ಯಾಮೆರಾಕ್ಕೆ ಹಳೇ ಕಾಲದ ಲೆನ್ಸ್ ಹಾಕಿಕೊಂಡು, ಬೆಳಕಿಗೆ ಎದುರಾಗಿ ನಿಂತು ತೆಗೆಯುವುದು ಅವರಿಗೆ ಇಷ್ಟ. ಹಾಗಾಗಿ ಆ ಫೋಟೋಗಳಲ್ಲಿ ಕಪ್ಪು ತೀರಾ ಕಪ್ಪಲ್ಲ, ಬಿಳಿ ತೀರಾ ಬಿಳಿಯಲ್ಲ.

ಅವರ ಇನ್ನೊಂದು ಕೆಲಸ ನಮಗೆ ಬಹಳ ಬೇಕಾದದ್ದು. ಮನೆಮನೆಗೆ ಹೋಗಿ ಜನರ ಹಳೇ ಫೋಟೋಗಳನ್ನು ಕೇಳಿ, ಅವುಗಳನ್ನು ಪ್ರತಿ ಮಾಡಿಕೊಂಡು, ಅದನ್ನೇ ಒಂದು ಸಂಗ್ರಹವಾಗಿ ಬೆಳೆಸಿದರು. ನಮ್ಮ ಹೋಬಳಿ ಊರುಗಳಲ್ಲಿದ್ದ ಸ್ಟುಡಿಯೋಗಳನ್ನು ನೆನೆಸಿಕೊಳ್ಳಿ. ಮದುವೆ, ನಾಮಕರಣ, ಹೊಸ ಟ್ರ್ಯಾಕ್ಟರ್, ಏಳನೇ ಕ್ಲಾಸಿನ ಗ್ರೂಪ್ ಫೋಟೋ. ಡಿಜಿಟಲ್ ಬಂದಮೇಲೆ ಎಷ್ಟೋ ಸ್ಟುಡಿಯೋದವರು ನೆಗೆಟಿವ್‌ಗಳನ್ನು ಗೋಣಿಚೀಲದಲ್ಲಿ ಕಟ್ಟಿ ಬಿಸಾಕಿದರು. ಉಳಿದಿರುವುದು ಮನೆಗಳ ಆಲ್ಬಮ್ಮಿನಲ್ಲಿ, ಗೋಡೆ ಮೇಲಿನ ಚೌಕಟ್ಟಿನಲ್ಲಿ. ಆ ಫೋಟೋದಲ್ಲಿರುವವರನ್ನು ಗುರುತು ಹಿಡಿದು ಹೆಸರು ಹೇಳುವ ಅಜ್ಜಿಯರು ಇನ್ನೂ ಇದ್ದಾರೆ. ಹೊಸ ಫೋಟೋ ತೆಗೆಯುವುದು ಆಮೇಲೆ ಮಾಡಿದರೂ ನಡೆಯುತ್ತದೆ. ಈ ಕೆಲಸ ಕಾಯುವುದಿಲ್ಲ.

ಹೀಗೆ ದುಡಿದವರು ನಮ್ಮಲ್ಲೂ ಇದ್ದಾರೆ. ಮೈಸೂರಿನ ಟಿ.ಎಸ್. ಸತ್ಯನ್ ಸಿಡುಬು ನಿರ್ಮೂಲನೆಯ ಕಾಲದಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ಹಳ್ಳಿ ಹಳ್ಳಿ ತಿರುಗಿ ಫೋಟೋ ತೆಗೆದರು. ಮಕ್ಕಳ ಬಗ್ಗೆ ಅವರು ತೆಗೆದ ಫೋಟೋಗಳು 1979ರಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆ ಕಟ್ಟಡದಲ್ಲಿ ಪ್ರದರ್ಶನವಾದವು. ಬರೋಡಾದ ಕಲಾವಿದ ಜ್ಯೋತಿ ಭಟ್ 1960ರ ದಶಕದ ಕೊನೆಯಿಂದ ಗುಜರಾತ್, ರಾಜಸ್ಥಾನದ ಹಳ್ಳಿಗಳಲ್ಲಿ ಗೋಡೆ ಮೇಲಿನ ಚಿತ್ರ, ಅಂಗಳದ ರಂಗೋಲಿ ದಾಖಲಿಸಿದರು. ಮಳೆ ಬಂದರೆ, ಗೋಡೆ ಸಾರಿಸಿದರೆ ಹೋಗಿಬಿಡುವ ಕಲೆ ಅದು. ಮಲೆನಾಡಿನ ದೀವರ ಮನೆಗಳ ಹಸೆ ಚಿತ್ತಾರವೂ ಹಾಗೇ ಅಲ್ವಾ? ಕೆಮ್ಮಣ್ಣಿನ ಗೋಡೆ ಹೋಗಿ ಸಿಮೆಂಟು ಬಂದ ಕಡೆ ಚಿತ್ತಾರಕ್ಕೆ ಜಾಗವೇ ಉಳಿದಿಲ್ಲ. ಯಾರ ಮದುವೆಗೆ ಬರೆದದ್ದು, ಬರೆದ ಕೈ ಯಾರದ್ದು ಅಂತ ಈಗ ಕೇಳದೆ ಹೋದರೆ, ಮುಂದೆ ಅದು ‘ಮಲೆನಾಡಿನ ಜನಪದ ಕಲೆ’ ಅನ್ನುವ ಮೂರು ಪದ ಆಗಿ ಉಳಿಯುತ್ತದೆ.

ನಿಮಗೆ ಆಶ್ಚರ್ಯ ಆಗಬಹುದು, ಹಳ್ಳಿಯ ದುಡಿಮೆಯ ಅತಿ ಹೆಚ್ಚು ಫೋಟೋ ತೆಗೆದವರು ಬಹುಶಃ ಛಾಯಾಗ್ರಾಹಕರಲ್ಲ. ನರೇಗಾ ಕೆಲಸಕ್ಕೆ ಬಂದವರ ಹಾಜರಿಯನ್ನು ಮೊಬೈಲ್ ಆ್ಯಪ್‌ನಲ್ಲಿ ಹಾಕುವುದು 2023ರ ಜನವರಿಯಿಂದ ಕಡ್ಡಾಯವಾಯಿತು. ಕಾಮಗಾರಿ ಜಾಗದಲ್ಲಿ ದಿನಕ್ಕೆ ಎರಡು ಫೋಟೋ, ಹೊತ್ತು ಮತ್ತು ಜಾಗದ ಗುರುತಿನ ಸಮೇತ. ಕೆರೆ ಹೂಳೆತ್ತುವವರು, ಬದು ಹಾಕುವವರು, ಗುದ್ದಲಿ ಮಂಕರಿ ಹಿಡಿದು ಸಾಲಾಗಿ ನಿಂತವರು. ದೇಶದ ತುಂಬಾ ಲೆಕ್ಕವಿಲ್ಲದಷ್ಟು ಫೋಟೋ. ನೆಟ್‌ವರ್ಕ್ ಸಿಗದೆ ಫೋಟೋ ಹೋಗದಿದ್ದರೆ ಆ ದಿನದ ಕೂಲಿಗೇ ಕುತ್ತು ಬರುತ್ತಿತ್ತು. ಹಾಜರಿ ನಿಜವಾ ಅಂತ ನೋಡುವುದಕ್ಕೆ ತೆಗೆದ ಈ ಫೋಟೋಗಳಲ್ಲಿ ದುಡಿಯುವವರು ಇದ್ದಾರೆ, ದುಡಿಮೆ ಇಲ್ಲ. ಎಲ್ಲರೂ ಕೆಲಸ ನಿಲ್ಲಿಸಿ ನಿಂತಿರುತ್ತಾರೆ. ನೀವು ಅದೇ ಕೆರೆಗೆ ಹೋಗಿ. ಮಣ್ಣು ಹೊತ್ತು ಏರಿ ಹತ್ತುವಾಗ ಒಬ್ಬರಿಗೊಬ್ಬರು ಮಂಕರಿ ಹೇಗೆ ದಾಟಿಸುತ್ತಾರೆ ಅಂತ ತೆಗೆಯಿರಿ. ಅದು ನಿಮ್ಮ ಕೆಲಸ.

ಎಲ್ಲರ ಹೆಸರೂ ಬರೆಯಲೇಬೇಕಾ ಅಂತ ನೀವು ಕೇಳಬಹುದು. ಬರೆದುಕೊಳ್ಳಲೇಬೇಕು, ಪ್ರಕಟಿಸಲೇಬೇಕು ಅಂತೇನಿಲ್ಲ. ಸಾಲ ಮಾಡಿ ಊರು ಬಿಟ್ಟವರು, ಜೀತದಂಥ ಸ್ಥಿತಿಯಲ್ಲಿ ಇಟ್ಟಿಗೆ ಭಟ್ಟಿಯಲ್ಲಿರುವವರು, ಮೇಲುಜಾತಿಯವರ ವಿರುದ್ಧ ದೂರು ಕೊಟ್ಟವರು, ಚಿಕ್ಕ ಮಕ್ಕಳು. ಇವರ ಹೆಸರು, ಮುಖ ಹೊರಗೆ ಬಂದರೆ ಪೆಟ್ಟು ತಿನ್ನುವುದು ಅವರು. ಅಂಥ ಕಡೆ ಹೆಸರು ನಿಮ್ಮ ಪುಸ್ತಕದಲ್ಲೇ ಇರಲಿ. ಮುಖ ಬೇಡ ಅಂದರೆ ಕೈಯಿನ ಫೋಟೋ ತೆಗೆಯಿರಿ. ಫೋಟೋನೇ ಬೇಡ ಅಂದರೆ ಕ್ಯಾಮೆರಾ ಚೀಲಕ್ಕೆ ಹಾಕಿ, ಕೂತು ಮಾತಾಡಿ ಬನ್ನಿ. ಬೇಡ ಅನ್ನುವ ಹಕ್ಕು ಅವರದು. ಅದನ್ನು ಮೀರಿ ತೆಗೆದ ಫೋಟೋ ಎಷ್ಟು ಬಹುಮಾನ ಗೆದ್ದರೂ ನಾನು ಒಪ್ಪುವುದಿಲ್ಲ.

ಫೋಟೋ ತೆಗೆಸಿಕೊಂಡವರು ಕೇಳುವುದು ಸಾಮಾನ್ಯವಾಗಿ ಒಂದೇ: ‘ನಮಗೂ ಒಂದು ಕೊಡ್ತೀರಾ?’ ಕೊಡ್ತೀನಿ ಅಂದಮೇಲೆ ಕೊಡಿ. ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೆ ಸಾಲದು. ಫೋನ್ ಕೆಟ್ಟ ದಿನ ಅದು ಹೋಗುತ್ತದೆ. ಪ್ರಿಂಟ್ ಹಾಕಿಸಿ ಕೊಡಿ. ಎಷ್ಟೋ ಮನೆಗಳಲ್ಲಿ ಹಿರಿಯರು ತೀರಿಕೊಂಡಾಗ ಹಾರ ಹಾಕಲು ಒಂದು ಸರಿಯಾದ ಫೋಟೋ ಇರುವುದಿಲ್ಲ. ಆಧಾರ್ ಕಾರ್ಡಿನ ಮಸುಕು ಮುಖವನ್ನೋ, ಯಾವುದೋ ಮದುವೆಯ ಗ್ರೂಪ್ ಫೋಟೋದಲ್ಲಿರುವ ಮುಖವನ್ನೋ ದೊಡ್ಡದು ಮಾಡಿಸುತ್ತಾರೆ. ನೀವು ಕೊಟ್ಟ ಪ್ರಿಂಟ್ ಆ ಮನೆಯಲ್ಲಿ ಮೂವತ್ತು ವರ್ಷ ಇರುತ್ತದೆ.

ಕೊನೆಗೆ, ಇವನ್ನೆಲ್ಲಾ ಎಲ್ಲಿಡಬೇಕು ಅಂತ ಮುಂದಿನ ಸಾಲಿನಲ್ಲಿ ಕೂತ ಒಬ್ಬರು ಆಗಲೇ ಚೀಟಿ ಕಳಿಸಿದ್ದಾರೆ. ಒಳ್ಳೇ ಪ್ರಶ್ನೆ. ಫೋಟೋ ಫೈಲಿನ ಒಳಗೇ ವಿವರ ಬರೆಯುವ ಜಾಗ ಇರುತ್ತದೆ, ಕನ್ನಡದಲ್ಲೇ ಬರೆಯಬಹುದು. ಅಲ್ಲಿ ಹೆಸರು, ಊರು, ತಾಲ್ಲೂಕು, ತಾರೀಖು, ಕೆಲಸ ಬರೆಯಿರಿ. ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿ ಫೋಟೋ ಥರ ಕಳಿಸಿದರೆ ಈ ವಿವರ ಉದುರಿಹೋಗುತ್ತದೆ. ಹಾಗಾಗಿ ಮೂಲ ಫೈಲು ಬೇರೆ ಇರಲಿ, ಎರಡು ಕಡೆ ಇರಲಿ. ಹೆಸರು ಗುಟ್ಟಾಗಿಡಬೇಕಾದ ಫೋಟೋಗಳ ವಿವರ ಮಾತ್ರ ಫೈಲಿನೊಳಗೆ ಬೇಡ, ನಿಮ್ಮ ಪುಸ್ತಕದಲ್ಲೇ ಇರಲಿ. ಇನ್ನು ಊರಿನ ಪಾಲು ಊರಿಗೆ ಸೇರಬೇಕು. ಗ್ರಾಮ ಪಂಚಾಯಿತಿಗಳಲ್ಲಿ ಈಗ ಅರಿವು ಕೇಂದ್ರ ಅನ್ನುವ ಗ್ರಂಥಾಲಯಗಳಿವೆ. ಹುಡುಗರು ಓದಲು ಬರುತ್ತಾರೆ, ಹಿರಿಯರು ಪೇಪರ್ ನೋಡಲು ಬರುತ್ತಾರೆ. ಒಂದು ವರ್ಷ ತೆಗೆದದ್ದರಲ್ಲಿ ಜನ ಒಪ್ಪಿದ ಫೋಟೋಗಳನ್ನು ಆರಿಸಿ, ಪ್ರಿಂಟ್ ಹಾಕಿಸಿ, ಹಿಂದುಗಡೆ ಪೆನ್ಸಿಲ್‌ನಲ್ಲಿ ವಿವರ ಬರೆದು, ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಅಲ್ಲಿಗೆ ಕೊಡಿ. ಫೋಟೋ ಕಾಗದದ ಹಿಂಭಾಗ ನುಣುಪಾಗಿದ್ದು ಪೆನ್ಸಿಲ್ ಹಿಡಿಯದಿದ್ದರೆ ತೆಳು ಹಾಳೆಯಲ್ಲಿ ಬರೆದು ಜೊತೆಗಿಡಿ. ಅಂಟುವ ಹಾಳೆಯ ಆಲ್ಬಮ್ ಬೇಡ, ಕೆಲವು ವರ್ಷದಲ್ಲಿ ಫೋಟೋ ಅದಕ್ಕೇ ಹತ್ತಿಕೊಂಡು ಬಿಡುತ್ತದೆ. ಪೆಟ್ಟಿಗೆ ಜೊತೆ ಒಂದು ನೋಟ್‌ಬುಕ್ ಇಡಿ. ಫೋಟೋ ನೋಡಿದವರು ತಮಗೆ ಗೊತ್ತಿರುವುದನ್ನು ಅದರಲ್ಲಿ ಸೇರಿಸಲಿ, ನೀವು ಬರೆದದ್ದರಲ್ಲಿ ತಪ್ಪಿದ್ದರೆ ತಿದ್ದಲಿ. ಈ ಸುಗ್ಗಿಯಿಂದಲೇ ಶುರು ಮಾಡಬಹುದು. ನಿಮ್ಮ ತಾಲ್ಲೂಕಿನ ಯಾವ ಪಂಚಾಯಿತಿ ಹತ್ತಿರ ಆಗುತ್ತದೆ ಅಂತ ಇವತ್ತು ಹೊರಡುವ ಮುಂಚೆ ನನಗೆ ಬರೆದುಕೊಡಿ, ಯಾರು ಯಾವ ಊರು ಅಂತ ಈಗಲೇ ಹಂಚಿಕೊಳ್ಳೋಣ.